ಮೂಕವಾದ ಮಾಪಕ

ಹೆಬ್ಬಗೋಡಿ ಕೆರೆಯ ಅಂಚಿನಲ್ಲಿ, ಬಿಸಿಲು ಏರಿದ ಹೊತ್ತಿನಲ್ಲಿ, ಬೆಳ್ಳಕ್ಕಿಯೊಂದು ನಿಂತಿದೆಯೆನ್ನಿ. ತಂದೆಯ ಕಾಲದ ನಿಕಾನ್ ಮಸೂರವನ್ನು ಡಿ3500 ಕ್ಯಾಮೆರಾಕ್ಕೆ ತೊಡಿಸಿ ಮಗನು ಗುರಿ ಹಿಡಿದಿದ್ದಾನೆ. ಆದರೆ ಬೆಳಕಿನ ಮಾಪಕ ಮಾತನ್ನೇ ಆಡದು! ಹಕ್ಕಿ ಹಾರಿಹೋಗುವ ಮುನ್ನ ಆತನು ಮಾಡಬೇಕಾದುದೇನು?

ಮಾಪಕದ ಮೌನಕ್ಕೆ ಕಾರಣ ಸರಳ. ಹಳೆಯ ಮಸೂರದಲ್ಲಿ ವಿದ್ಯುತ್ ಸಂಪರ್ಕಗಳಿಲ್ಲ. ಅದರ ರಂಧ್ರವೆಷ್ಟು ತೆರೆದಿದೆಯೆಂಬುದು ಕ್ಯಾಮೆರಾಕ್ಕೆ ತಿಳಿಯದು. ಡಿ7000ರಂಥ ಹಿರಿಯ ಕ್ಯಾಮೆರಾಗಳಿಗಾದರೆ ಮಸೂರದ ಅಳತೆಗಳನ್ನು ಮೊದಲೇ ತಿಳಿಸಬಹುದು. ಡಿ3500ರಲ್ಲಿ ಆ ಸೌಕರ್ಯವಿಲ್ಲ.

ಆಗ ನೆರವಿಗೆ ಬರುವುದು ತಂದೆಯ ಕಾಲದ ಸೂತ್ರವೇ. ಕ್ಯಾಮೆರಾವನ್ನು 'ಎಂ' ಗುರುತಿಗೆ ತಿರುಗಿಸಬೇಕು. ನಿಚ್ಚಳ ಬಿಸಿಲಿನಲ್ಲಿ ರಂಧ್ರ ಎಫ್/16. ಐಎಸ್‌ಒ 200 ಆದರೆ ಷಟರ್ ವೇಗ 1/200 ಸೆಕೆಂಡು. ಅಚ್ಚ ಬಿಳಿಯ ಹಕ್ಕಿಗೆ 1/400 ಲೇಸು; ಅತಿಬೆಳಕಿನಲ್ಲಿ ಕರಗಿಹೋದ ಗರಿಯ ಎಳೆಗಳು ಮತ್ತೆ ದೊರೆಯವು. ಚಿತ್ರ ತೆಗೆದೊಡನೆ ಹಿಸ್ಟೋಗ್ರಾಮ್ ನೋಡಬೇಕು. ಅದರ ದಿಬ್ಬ ಬಲದಂಚಿಗೆ ಒತ್ತಿಕೊಂಡಿದ್ದರೆ ವೇಗವನ್ನು ಇನ್ನೂ ಹೆಚ್ಚಿಸಬೇಕು.

ತಮ್ಮ ಊಹೆ ಸರಿಯೋ ತಪ್ಪೋ ಎಂದು ತಿಳಿಯಲು ತಂದೆ ಫಿಲ್ಮು ತೊಳೆದು ಬರುವವರೆಗೆ ಕಾಯುತ್ತಿದ್ದರು. ಮಗನಿಗೆ ಉತ್ತರ ದೊರೆಯುವಾಗ ಹಕ್ಕಿ ಇನ್ನೂ ಅಲ್ಲಿಯೇ ನಿಂತಿರುತ್ತದೆ.