ಕರಿಬೇವನ್ನ ಪಕ್ಕಕ್ಕೆ ಸರಿಸೋ ಮುಂಚೆ

ಕೆಲಸ ಮುಗಿದ ಮೇಲೆ ಯಾರಾದ್ರೂ ನಮ್ಮನ್ನ ಮರೆತರೆ "ಕರಿಬೇವಿನ ಥರ ಎಸೆದುಬಿಟ್ರು" ಅಂತೀವಿ. ಮೆಸ್ಸಿನ ತಟ್ಟೆಗಳನ್ನ ನೋಡಿದ್ರೆ ಈ ಮಾತು ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ಆದರೆ ಅದೇ ಹಾಸ್ಟೆಲ್ ರೂಮುಗಳಲ್ಲಿ "ಆಂಟಿಆಕ್ಸಿಡೆಂಟ್" ಅಂತ ಬರೆದಿರೋ ಕ್ಯಾಪ್ಸೂಲ್ ಡಬ್ಬಿಗಳೂ ಇರುತ್ತವೆ. ಏನಿದು ಆಂಟಿಆಕ್ಸಿಡೆಂಟ್?

ಫಸ್ಟ್ ಇಯರ್ ಕೆಮಿಸ್ಟ್ರಿಯ ತುಕ್ಕಿನ ಪಾಠ ನೆನಪಿಸಿಕೊಳ್ಳಿ. ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡಾಗ ತುಕ್ಕು ಹಿಡಿಯುತ್ತೆ. ಮೇಲೆ ಸತುವಿನ ಲೇಪನ ಇದ್ದರೆ ಸತು ತಾನೇ ಎಲೆಕ್ಟ್ರಾನ್ ಕೊಟ್ಟು ಕಬ್ಬಿಣವನ್ನ ಉಳಿಸುತ್ತೆ. ನಮ್ಮ ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಇವು ಕೊಬ್ಬು, ಪ್ರೋಟೀನ್, ಡಿಎನ್‌ಎಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಆಂಟಿಆಕ್ಸಿಡೆಂಟ್ ಮಾಡೋದು ಹೆಚ್ಚು ಕಡಿಮೆ ಸತುವಿನ ಕೆಲಸ. ಕೆಲವನ್ನ ದೇಹವೇ ತಯಾರಿಸುತ್ತೆ. ವಿಟಮಿನ್ ಸಿ, ವಿಟಮಿನ್ ಇ, ಪಾಲಿಫಿನಾಲ್‌ಗಳು ಊಟದಿಂದ ಬರಬೇಕು.

ಕರಿಬೇವಿನಲ್ಲಿ ಬೀಟಾ ಕೆರೋಟಿನ್, ಕ್ಯಾಲ್ಸಿಯಂ, ಜೊತೆಗೆ ಮಹಾನಿಂಬಿನ್ ಅನ್ನೋ ಆಲ್ಕಲಾಯ್ಡ್ ಇದೆ. ದೊಡ್ಡಪತ್ರೆಗೆ ಓಮದ ಹಾಗೆ ವಾಸನೆ ಇರೋದು ಕಾರ್ವಕ್ರಾಲ್, ಥೈಮಾಲ್‌ಗಳಿಂದ. ಲ್ಯಾಬಿನಲ್ಲಿ ಡಿಪಿಪಿಎಚ್ ಅನ್ನೋ ನೇರಳೆ ದ್ರಾವಣಕ್ಕೆ ಇಂಥ ಎಲೆಗಳ ರಸ ಹಾಕಿದ್ರೆ ಬಣ್ಣ ಹಳದಿಗೆ ತಿರುಗುತ್ತೆ.

ಆದರೆ ಟೆಸ್ಟ್ ಟ್ಯೂಬ್ ಬೇರೆ, ಹೊಟ್ಟೆ ಬೇರೆ. ಅಮೆರಿಕದ ಕೃಷಿ ಇಲಾಖೆ ಆಹಾರಗಳಿಗೆ ಓರ‍್ಯಾಕ್ ಅನ್ನೋ ಆಂಟಿಆಕ್ಸಿಡೆಂಟ್ ಅಂಕ ಕೊಟ್ಟು ಪಟ್ಟಿ ಮಾಡಿತ್ತು. ಒಣಗಿಸಿದ ಸೊಪ್ಪು, ಮಸಾಲೆಗಳೇ ಮೇಲೆ! ನೀರು ಹೋದ ಮೇಲೆ 100 ಗ್ರಾಂನಲ್ಲಿ ಎಲ್ಲವೂ ಜಾಸ್ತಿ ಕಾಣುತ್ತೆ, ಆದರೆ 100 ಗ್ರಾಂ ಲವಂಗ ಯಾರು ತಿಂತಾರೆ? ಈ ಅಂಕಗಳು ದೇಹದೊಳಗಿನ ಪರಿಣಾಮ ಹೇಳಲ್ಲ, ಜಾಹೀರಾತಿಗೆ ದುರ್ಬಳಕೆ ಆಗ್ತಿವೆ ಅಂತ 2012ರಲ್ಲಿ ಇಲಾಖೆಯೇ ಪಟ್ಟಿಯನ್ನ ತೆಗೆದುಹಾಕಿತು.

ಒಂದು ಸಣ್ಣ ಲೆಕ್ಕ ಮಾಡೋಣ. 100 ಗ್ರಾಂ ಹಸಿ ಕರಿಬೇವಿನಲ್ಲಿ 600 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಒಗ್ಗರಣೆಯಲ್ಲಿ ನಮ್ಮ ಪಾಲಿಗೆ ಬರೋದು 1 ಗ್ರಾಂ ಅಂದುಕೊಂಡರೆ, ಸಿಗೋದು ಬರೀ 6 ಮಿಲಿಗ್ರಾಂ. ದಿನಕ್ಕೆ ಬೇಕಾಗಿರೋದು 1000! ಅದಕ್ಕೇ ಒಗ್ಗರಣೆಗಿಂತ ಚಟ್ನಿಪುಡಿ, ತಂಬುಳಿ ವಾಸಿ. ಎಲೆಯನ್ನ ಅರೆದು, ಪುಡಿ ಮಾಡಿ ಪೂರ್ತಿ ತಿಂತೀವಿ. ಬೀಟಾ ಕೆರೋಟಿನ್ ಕೊಬ್ಬಿನಲ್ಲಿ ಕರಗುತ್ತೆ, ಹಾಗಾಗಿ ಒಂದಿಷ್ಟು ಎಣ್ಣೆ, ತುಪ್ಪ, ತೆಂಗಿನಕಾಯಿ ಜೊತೆಗಿದ್ರೆ ಒಳ್ಳೇದು. ವಿಟಮಿನ್ ಸಿ ಬಿಸಿಗೆ ಹಾಳಾಗುತ್ತೆ, ಆದ್ದರಿಂದ ಕೊತ್ತಂಬರಿ ಸೊಪ್ಪನ್ನ ಒಲೆ ಆರಿಸಿದ ಮೇಲೆ ಹಾಕಿ.

ಹಾಗಾದ್ರೆ ಎಲ್ಲಾ ಕ್ಯಾಪ್ಸೂಲಿನಲ್ಲೇ ತಗೊಂಡರೆ ಸುಲಭ ಅಲ್ವಾ? ಫಿನ್ಲೆಂಡಿನಲ್ಲಿ ಸಿಗರೇಟ್ ಸೇದುವ 29,133 ಗಂಡಸರ ಮೇಲೆ ಇದನ್ನೇ ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಬಂತು: ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಲಿಲ್ಲ, ಶೇ. 18ರಷ್ಟು ಹೆಚ್ಚಾಗಿತ್ತು. ಟೀ ಅಂಗಡಿ ಹತ್ರ ಒಂದು ದಮ್ಮು ಎಳೆದು, ಆಮೇಲೆ ಮಾತ್ರೆ ನುಂಗಿದ್ರೆ ಸರಿಹೋಗುತ್ತೆ ಅಂದುಕೊಳ್ಳೋ ಗೆಳೆಯರಿಗೆ ಇದನ್ನ ಖಂಡಿತ ಹೇಳಿ.

ಸೊಪ್ಪು ಔಷಧಿ ಅಂಗಡಿಯಲ್ಲ, ಊಟದ ಒಂದು ಭಾಗ. ಕರಿಬೇವು, ಒಂದೆಲಗ, ದೊಡ್ಡಪತ್ರೆ, ಕೊತ್ತಂಬರಿ, ಪುದೀನ ಅಂತ ಬೇರೆ ಬೇರೆ ಸೊಪ್ಪು, ಜೊತೆಗೆ ಬೇಳೆ, ತರಕಾರಿ, ಹಣ್ಣು ತಿನ್ನಿ. ಕ್ಯಾಪ್ಸೂಲ್ ಬೇಕಾ ಬೇಡವಾ ಅನ್ನೋದನ್ನ ಡಾಕ್ಟರ್ ಹೇಳಲಿ, ಡಬ್ಬಿ ಮೇಲಿನ ಲೇಬಲ್ ಅಲ್ಲ.