ನಾಲ್ಕನೇ ಸ್ಥಾನದ ಹಾಳೆಯಲ್ಲಿ ಏನಿದೆ?

ಹೈಸ್ಕೂಲು ಹುಡುಗರ ಬೌಲಿಂಗ್ ಪಂದ್ಯದ ಫಲಿತಾಂಶ ಬಂದಿತ್ತು. ಆರು ಶಾಲೆಗಳ ತಂಡಗಳಲ್ಲಿ ನಮ್ಮ ಹುಡುಗನ ತಂಡಕ್ಕೆ ನಾಲ್ಕನೇ ಸ್ಥಾನ. ಇಟ್ಟಮಡುವಿನಲ್ಲಿ ನಮ್ಮ ಬೆಳಗ್ಗಿನ ಮದ್ರಸಕ್ಕೆ ಬರುವ, ಒಂಬತ್ತನೇ ಕ್ಲಾಸಿನ ಹುಡುಗ ಇವನು. ಸೋಮವಾರ ಕಿತಾಬಿನ ನಡುವೆ ಆ ಹಾಳೆ ಮಡಚಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ.

ನಮ್ಮ ತಪ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಶನಿವಾರ ರಜೆ ಕೇಳಿದಾಗ "ಆಟಕ್ಕೂ ರಜೆ ಬೇಕಾ?" ಅಂತ ಗದರಿಸಿಯೇ ಕೊಟ್ಟಿದ್ವಿ. ಸೋಮವಾರ ಸಿಕ್ಕಿದ ಕೂಡಲೇ ಕೇಳಿದ ಮೊದಲ ಮಾತು, "ಪ್ರೈಜ್ ಬಂತಾ?" ಹುಡುಗ ತಲೆ ತಗ್ಗಿಸಿದ.

ಅವತ್ತು ಸಂಜೆ ಅವನ ಉಪ್ಪ ಅಂಗಡಿ ಬಿಟ್ಟು ನಮ್ಮ ಹತ್ತಿರ ಬಂದರು. "ಉಸ್ತಾದ್, ಇವನಿಗೆ ಈ ಆಟ ಸಾಕು ಅಂತ ನೀವೇ ಒಂದು ಮಾತು ಹೇಳಿ. ಒಂದೊಂದು ಗೇಮಿಗೆ ನೂರಾರು ರೂಪಾಯಿ. ಅಷ್ಟು ಕೊಟ್ಟು ನಾಲ್ಕನೇದು!" ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಬೇಕರಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ನಿಂತು ಸಂಪಾದಿಸುವ ದುಡ್ಡು ಅದು. ಆದರೆ ನಮಗೆ ಆ ಆಟದ ತಲೆಬುಡ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ತೀರ್ಪು ಕೊಡೋದು ಹೇಗೆ? "ಮೊದಲು ಆ ಹಾಳೆ ತೆಗಿ" ಅಂತ ಹುಡುಗನಿಗೆ ಹೇಳಿದ್ವಿ. ಆ ದಿನ ಅವನೇ ಉಸ್ತಾದ್, ನಾವಿಬ್ಬರು ಮಕ್ಕಳು.

ಬೌಲಿಂಗ್ ಅಂದರೆ ಇಲ್ಲಿ ಕ್ರಿಕೆಟ್ ಅಲ್ಲ. ಊರಿನಲ್ಲಿ ಲಗೋರಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಣ್ಣೆ ಸವರಿದ ನುಣುಪಾದ ದಾರಿಯ ಆಚೆ ತುದಿಯಲ್ಲಿ ಹತ್ತು ಪಿನ್‌ಗಳು ತ್ರಿಕೋನದಲ್ಲಿ ನಿಂತಿರುತ್ತವೆ. ಆಟಗಾರ ನಿಲ್ಲುವ ಗೆರೆಯಿಂದ ಮುಂದಿನ ಪಿನ್‌ಗೆ 60 ಅಡಿ. ಬೆರಳು ತೂರಿಸಲು ತೂತುಗಳಿರುವ ಭಾರದ ಚೆಂಡನ್ನು ಉರುಳಿಸಿ ಅವನ್ನು ಬೀಳಿಸಬೇಕು. ಚೆಂಡು 16 ಪೌಂಡ್, ಅಂದರೆ 7 ಕಿಲೋಗಿಂತ ಸ್ವಲ್ಪ ಹೆಚ್ಚಿನವರೆಗೂ ಇರಬಹುದು. ಹುಡುಗರು ಹಗುರವಾದದ್ದು ತಗೊಳ್ತಾರೆ. ಕಾಲು ಗೆರೆ ದಾಟಿದರೆ ಆ ಎಸೆತಕ್ಕೆ ಸೊನ್ನೆ.

ಒಂದು ಗೇಮಿಗೆ 10 ಸುತ್ತು. ಅದಕ್ಕೆ ಫ್ರೇಮ್ ಅಂತಾರೆ. ಪ್ರತಿ ಫ್ರೇಮಿನಲ್ಲಿ ಎರಡು ಚೆಂಡು. ಮೊದಲ ಚೆಂಡಿಗೇ ಹತ್ತೂ ಬಿದ್ದರೆ ಸ್ಟ್ರೈಕ್: ಹತ್ತರ ಜೊತೆಗೆ ಮುಂದಿನ ಎರಡು ಚೆಂಡುಗಳ ಅಂಕವೂ ಸೇರುತ್ತದೆ. ಉಳಿದದ್ದನ್ನು ಎರಡನೇ ಚೆಂಡಿಗೆ ಬೀಳಿಸಿದರೆ ಸ್ಪೇರ್: ಹತ್ತರ ಜೊತೆಗೆ ಮುಂದಿನ ಒಂದು ಚೆಂಡಿನ ಅಂಕ. ಕೊನೆಯ ಫ್ರೇಮಿನಲ್ಲಿ ಸ್ಟ್ರೈಕೋ ಸ್ಪೇರೋ ಆದರೆ ಮೂರನೇ ಚೆಂಡೂ ಸಿಗುತ್ತದೆ. ಸತತ 12 ಸ್ಟ್ರೈಕ್ ಹೊಡೆದವನಿಗೆ 300. ಅದಕ್ಕಿಂತ ಮೇಲೆ ಅಂಕವೇ ಇಲ್ಲ.

ಇಲ್ಲಿಯವರೆಗೆ ಸರಿ. ನಮ್ಮ ಕಣ್ಣು ತೆರೆಸಿದ್ದು ಹುಡುಗ ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದ ಲೆಕ್ಕ. ಒಬ್ಬ ಪ್ರತಿ ಫ್ರೇಮಿನಲ್ಲೂ 9 ಬೀಳಿಸಿ ಉಳಿದ ಒಂದನ್ನು ಬಿಟ್ಟರೆ ಅವನಿಗೆ ಒಟ್ಟು 90. ಇನ್ನೊಬ್ಬನೂ ಪ್ರತಿ ಸಲ ಮೊದಲು 9 ಬೀಳಿಸುತ್ತಾನೆ, ಆದರೆ ಎರಡನೇ ಚೆಂಡಿಗೆ ಆ ಒಂದನ್ನೂ ಬೀಳಿಸುತ್ತಾನೆ. ಕೊನೆಯ ಹೆಚ್ಚುವರಿ ಚೆಂಡಿಗೂ 9 ಬಿದ್ದರೆ ಅವನಿಗೆ 190. ಇಬ್ಬರ ಮೊದಲ ಚೆಂಡೂ ಒಂದೇ. ನೂರು ಅಂಕದ ವ್ಯತ್ಯಾಸ ಬಂದದ್ದು ಎರಡನೇ ಚೆಂಡಿನಿಂದ. ಅವನ ಉಪ್ಪ ಚಹಾ ಲೋಟ ಕೆಳಗಿಟ್ಟು ಆ ಲೆಕ್ಕವನ್ನು ತಾವೇ ಎರಡು ಸಲ ಕೂಡಿಸಿ ನೋಡಿದರು. ವ್ಯಾಪಾರ ಮಾಡಿದ ಕೈ ಅಲ್ವಾ!

ಇನ್ನೊಂದು ವಿಷಯವೂ ಇತ್ತು. ಈ ಪಂದ್ಯ ನಡೆದದ್ದು ಬೇಕರ್ ಪದ್ಧತಿಯಲ್ಲಿ. ಹೆಸರು ಕೇಳಿ ಅವನ ಉಪ್ಪ ನಕ್ಕರು, ಆದರೆ ಬೇಕರಿಗೂ ಅದಕ್ಕೂ ಸಂಬಂಧವಿಲ್ಲ; ಅಮೆರಿಕದ ಬೌಲಿಂಗ್ ಸಂಸ್ಥೆಯ ಫ್ರಾಂಕ್ ಬೇಕರ್ ಎಂಬವರ ಹೆಸರು. ಅಲ್ಲಿನ ಹೈಸ್ಕೂಲು ಪಂದ್ಯಗಳಲ್ಲಿ ಇದು ಸಾಮಾನ್ಯ. ಐದು ಹುಡುಗರು ಸೇರಿ ಆಡುವುದು ಒಂದೇ ಗೇಮ್. ಮೊದಲನೆಯವನಿಗೆ 1 ಮತ್ತು 6ನೇ ಫ್ರೇಮ್, ಎರಡನೆಯವನಿಗೆ 2 ಮತ್ತು 7, ಹೀಗೇ ಐದನೆಯವನಿಗೆ 5 ಮತ್ತು 10. ಐವರಿಗೂ ಸೇರಿ ಒಂದೇ ಮೊತ್ತ. ಒಬ್ಬ ಸ್ಪೇರ್ ಮಾಡಿದರೆ ಅದರ ಮೇಲಿನ ಅಂಕ ತರುವುದು ಮುಂದೆ ಬರುವ ಗೆಳೆಯನ ಚೆಂಡು.

ನಮ್ಮವನು ಐದನೆಯವನು. ಮೂರನೇ ಸ್ಥಾನ ಪಡೆದ ತಂಡದ ಮೊತ್ತ 151. ಇವರದು ಒಂಬತ್ತು ಫ್ರೇಮ್ ಮುಗಿದಾಗ 131. ಕೊನೆಯ ಫ್ರೇಮಿನಲ್ಲಿ ಇವನು ಮೊದಲು 8 ಬೀಳಿಸಿದ, ಉಳಿದ ಎರಡನ್ನೂ ಉರುಳಿಸಿ ಸ್ಪೇರ್ ಮಾಡಿದ, ಮೂರನೇ ಚೆಂಡಿಗೆ 6 ಬಂತು. ಒಟ್ಟು 147.

"ಕೊನೇದು ಚೆನ್ನಾಗೇ ಆಡಿದ್ಯಲ್ಲಾ, ಮತ್ತೆ ಯಾಕೆ ಹೀಗೆ ಕೂತಿದ್ದೀಯ?" ಅಂತ ಕೇಳಿದ್ವಿ. ಹುಡುಗ ಬೆರಳಿಟ್ಟದ್ದು ಐದನೇ ಫ್ರೇಮಿನ ಮೇಲೆ. ಅಲ್ಲಿ 9 ಬಿದ್ದು ಒಂದು ಪಿನ್ ನಿಂತಿತ್ತು. ಎರಡನೇ ಚೆಂಡು ಅದರ ಪಕ್ಕದಲ್ಲೇ ಹೋಯಿತು. ಅದು ಬಿದ್ದಿದ್ದರೆ ಹತ್ತಾಗಿ, ಮುಂದಿನ ಹುಡುಗನ ಮೊದಲ ಚೆಂಡಿನ 7 ಸೇರಿ, ಆ ಫ್ರೇಮಿಗೆ 9ರ ಬದಲು 17. ತಂಡಕ್ಕೆ 155. ಮೂರನೇ ಸ್ಥಾನ.

"ಅವರು ಯಾರೂ ನನಗೆ ಏನೂ ಹೇಳ್ಲಿಲ್ಲ ಉಸ್ತಾದ್. ಅದಕ್ಕೇ ಜಾಸ್ತಿ ಬೇಜಾರು" ಅಂದ.

ನಾವು ಸುಮ್ಮನಾದೆವು. ಹುಡುಗ ಬಹುಮಾನ ಸಿಗಲಿಲ್ಲ ಅಂತ ಹಾಳೆ ಅಡಗಿಸಿರಲಿಲ್ಲ. ನಾಲ್ಕು ಗೆಳೆಯರ ಶ್ರಮದ ಲೆಕ್ಕ ಅವನ ಎದೆಯ ಮೇಲಿತ್ತು. ನಾವು ಹಿರಿಯರು ಇಬ್ಬರೂ ಕೇಳಿದ್ದು ಪ್ರೈಜ್ ಬಗ್ಗೆ.

ಆಟವೇನೂ ಸಣ್ಣದಲ್ಲ. ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲೇ ರಾಷ್ಟ್ರೀಯ ಪಂದ್ಯಗಳು ನಡೆದಿವೆ. ಕರ್ನಾಟಕದ ಆಕಾಶ್ ಅಶೋಕ್ ಕುಮಾರ್, ತಮಿಳುನಾಡಿನ ಶಬ್ಬೀರ್ ಧನ್‌ಕೋಟ್ ರಾಷ್ಟ್ರೀಯ ಚಾಂಪಿಯನ್ ಆದವರು. ಏಷ್ಯನ್ ಗೇಮ್ಸ್‌ಗೆ ಬೌಲಿಂಗ್ ಬಂದದ್ದು 1978ರಲ್ಲಿ, ಬ್ಯಾಂಕಾಕಿನಲ್ಲಿ. 2006ರಲ್ಲಿ ದೋಹಾದಲ್ಲೂ ನಡೆಯಿತು. ಕತಾರಿನಲ್ಲಿ ದುಡಿಯುವ ನಮ್ಮ ಮನೆಯವರನ್ನು ಕೇಳಿದರೆ ಅಲ್ಲಿನ ಬೌಲಿಂಗ್ ಸೆಂಟರ್ ಎಲ್ಲಿದೆ ಅಂತ ಹೇಳಿಯಾರು.

ಹಾಗಂತ ಎಲ್ಲ ಮಕ್ಕಳನ್ನೂ ಈ ಆಟಕ್ಕೆ ಕಳಿಸಿ ಅಂತ ನಾವು ಹೇಳುವುದಿಲ್ಲ. ಖರ್ಚು ಖರ್ಚೇ. ಅವನ ಉಪ್ಪ ಕೊನೆಗೆ ತಿಂಗಳಿಗೆ ಎರಡು ಗೇಮಿಗೆ ಒಪ್ಪಿದರು, ರಜಾದಿನ ಅಂಗಡಿಯಲ್ಲಿ ಕೈಜೋಡಿಸಬೇಕು ಎಂಬ ಷರತ್ತಿನ ಮೇಲೆ. ಹುಡುಗ ಅಲ್ಲೇ ತಲೆ ಆಡಿಸಿದ. ಬೆಳಗ್ಗಿನ ಕ್ಲಾಸು ತಪ್ಪಿಸಬಾರದು ಅನ್ನೋದು ನಮ್ಮ ಷರತ್ತು. ಅದಕ್ಕೆ ಸ್ವಲ್ಪ ತಡವಾಗಿ ಆಡಿಸಿದ.

ನಮ್ಮ ಮನೆಗಳಿಗೆ ಹಾಳೆಗಳು ಬರುತ್ತಲೇ ಇರುತ್ತವೆ. ಆಟದ್ದು, ಪರೀಕ್ಷೆಯದ್ದು, ಮದ್ರಸದ್ದು. ಸ್ಥಾನ ಎಷ್ಟು ಅಂತ ಮೇಲಿನ ಸಾಲೇ ಹೇಳುತ್ತದೆ, ಅದನ್ನು ಮಗುವಿನಿಂದ ಕೇಳಿ ತಿಳಿಯಬೇಕಾಗಿಲ್ಲ. ಹತ್ತಿರ ಕೂರಿಸಿಕೊಂಡು ಒಳಗಿನ ಸಾಲುಗಳನ್ನು ಅವನಿಂದಲೇ ಓದಿಸೋಣ. ಆ ಹಾಳೆ ಈಗ ಅವರ ಬೇಕರಿಯ ಗಲ್ಲಾಪೆಟ್ಟಿಗೆಯ ಹಿಂದೆ ಅಂಟಿಸಿದೆ. ಐದನೇ ಫ್ರೇಮಿಗೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದ್ದಾರೆ. ಹಾಕಿದ್ದು ಯಾರು ಅಂತ ನಾವು ಕೇಳಲಿಲ್ಲ.