ತೆರಿಗೆ ಬಾಕಿಗೂ ಕಂತು ಕೇಳಬಹುದು

ವರ್ಷದ ನಡುವೆ ಕೆಲಸ ಬದಲಿಸಿದವರಿಗೆ ಜುಲೈ ತಿಂಗಳಲ್ಲಿ ಈ ಪೆಟ್ಟು ಬೀಳುವುದುಂಟು. ಎರಡೂ ಕಂಪನಿಗಳು ತಂತಮ್ಮ ಲೆಕ್ಕದಲ್ಲಿ ಪೂರ್ತಿ ವಿನಾಯಿತಿ ಕೊಟ್ಟು ಕಡಿಮೆ ಟಿಡಿಎಸ್ ಹಿಡಿದಿರುತ್ತವೆ. ಎರಡು ಫಾರ್ಮ್ 16 ಕೂಡಿಸಿ ನೋಡಿದ ಆಡಿಟರ್, ಇನ್ನೂ 80,000 ರೂಪಾಯಿ ಕಟ್ಟಬೇಕು ಎನ್ನುತ್ತಾರೆ. ಸಂಬಳವೋ ಮನೆ ಸಾಲಕ್ಕೆ, ಮಕ್ಕಳ ಫೀಸಿಗೆ ಆಗಲೇ ಹೋಗಿರುತ್ತದೆ. ‘ದುಡ್ಡು ಹೊಂದಿಸಿಕೊಂಡು ಆಮೇಲೆ ರಿಟರ್ನ್ಸ್ ಹಾಕೋಣ’ ಎಂದು ಸುಮ್ಮನಾಗುವವರು ಬಹಳ. ನಷ್ಟ ಶುರುವಾಗುವುದು ಅಲ್ಲಿಂದಲೇ.

ದುಡ್ಡಿಲ್ಲದಿದ್ದರೂ ಗಡುವಿನೊಳಗೆ ರಿಟರ್ನ್ಸ್ ಹಾಕಬಹುದು. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ‘ಪೇ ಲೇಟರ್’ ಎಂಬ ಆಯ್ಕೆಯೇ ಇದೆ. ನಿಮ್ಮನ್ನು ಸುಸ್ತಿದಾರರೆಂದು ಪರಿಗಣಿಸಬಹುದು ಎಂಬ ಎಚ್ಚರಿಕೆ ಅಲ್ಲಿ ಕಾಣುತ್ತದೆ, ನಿಜ. ಆದರೆ ತಡವಾಗಿ ಸಲ್ಲಿಸಿದರೆ 5,000 ರೂಪಾಯಿವರೆಗೆ ಶುಲ್ಕ ಬೀಳುತ್ತದೆ. ಪಾವತಿ ತಡವಾದದ್ದಕ್ಕೆ ತಿಂಗಳಿಗೆ ಶೇ 1ರ ಬಡ್ಡಿ, ಸಲ್ಲಿಕೆ ತಡವಾದದ್ದಕ್ಕೆ ಮತ್ತೆ ಶೇ 1. ಕೈಲಾದಷ್ಟನ್ನು ಈಗಲೇ ಕಟ್ಟಿದರೆ ಉಳಿದ ಮೊತ್ತಕ್ಕಷ್ಟೇ ಬಡ್ಡಿ. ಅದು ಸರಳ ಬಡ್ಡಿ. ಕ್ರೆಡಿಟ್ ಕಾರ್ಡ್ ಬಾಕಿಯ ಬಡ್ಡಿ ತಿಂಗಳಿಗೆ ಶೇ 3ರ ಆಸುಪಾಸಿನಲ್ಲಿರುತ್ತದೆ. ಇಲಾಖೆಗೆ ಹೆದರಿ ಕಾರ್ಡ್ ಉಜ್ಜುವುದು ಜಾಣತನವಲ್ಲ.

ಇಲಾಖೆಯ ಬೆಂಗಳೂರಿನ ರಿಟರ್ನ್ಸ್ ಸಂಸ್ಕರಣಾ ಕೇಂದ್ರದಿಂದ (ಸಿಪಿಸಿ) ಬಾಕಿಯ ನೋಟಿಸ್ ಬಂದರೆ ಮೊದಲು ನಿಮ್ಮ ಟಿಡಿಎಸ್ ವಿವರವಿರುವ ಫಾರ್ಮ್ 26ಎಎಸ್ ತೆಗೆದು ತಾಳೆ ನೋಡಿ. ಹಿಡಿದ ಟಿಡಿಎಸ್ ಲೆಕ್ಕಕ್ಕೆ ಸಿಗದೆ ಬಾಕಿ ಹುಟ್ಟಿದ್ದರೆ ತಿದ್ದುಪಡಿ ಕೋರಬೇಕು, ಕಟ್ಟಬೇಕಿಲ್ಲ.

ಲೆಕ್ಕ ಸರಿಯಿದ್ದರೆ ಕಟ್ಟಲು ಸಾಮಾನ್ಯವಾಗಿ ಇರುವುದು 30 ದಿನ. ಈ ದಿನಗಳು ಬಹಳ ಮುಖ್ಯ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 220(3) ಪ್ರಕಾರ, ಅವಧಿ ಮುಗಿಯುವ ಮೊದಲೇ ಅರ್ಜಿ ಕೊಟ್ಟರೆ ಅಧಿಕಾರಿ ಹೆಚ್ಚಿನ ಕಾಲಾವಕಾಶ ಕೊಡಬಹುದು, ಕಂತುಗಳಲ್ಲಿ ಕಟ್ಟಲು ಒಪ್ಪಬಹುದು. (2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ.) ‘ಕಷ್ಟದಲ್ಲಿದ್ದೇನೆ’ ಎಂದಷ್ಟೇ ಬರೆದರೆ ಸಾಲದು. ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಪತ್ರ, ಆಸ್ಪತ್ರೆ ಬಿಲ್ಲು ಲಗತ್ತಿಸಿ; ಯಾವ ತಿಂಗಳು ಎಷ್ಟು ಕಟ್ಟುತ್ತೀರಿ ಎಂಬ ಪಟ್ಟಿಯನ್ನು ನೀವೇ ಕೊಡಿ. ಮೊದಲ ಕಂತು ಕಟ್ಟಿದ ಚಲನ್ ಜೊತೆಗಿದ್ದರೆ ಅರ್ಜಿಗೆ ತೂಕ ಬರುತ್ತದೆ. ಕಂತು ಸಿಕ್ಕರೂ ಬಡ್ಡಿ ನಿಲ್ಲುವುದಿಲ್ಲ. ಆದರೆ ಕೈಮೀರಿದ ಕಾರಣದಿಂದ ತಡವಾಗಿದ್ದು, ಕಟ್ಟುವುದು ನಿಜಕ್ಕೂ ಕಷ್ಟವಾಗಿದ್ದು, ವಿಚಾರಣೆಗೆ ಸಹಕರಿಸಿದ್ದರೆ, ನೋಟಿಸ್ ನಂತರದ ಆ ಬಡ್ಡಿಯನ್ನು ಇಳಿಸುವ ಅಥವಾ ಮನ್ನಾ ಮಾಡುವ ಅಧಿಕಾರ ಮೇಲಧಿಕಾರಿಗಳಿಗಿದೆ. ಮೇಲ್ಮನವಿ ಹಾಕಿದವರು ವಿವಾದಿತ ಮೊತ್ತದ ಒಂದು ಭಾಗ ಕಟ್ಟಿ ಉಳಿದದ್ದಕ್ಕೆ ತಡೆ ಕೇಳಬಹುದು.

ನೋಟಿಸ್‌ಗೆ ಉತ್ತರವನ್ನೇ ಕೊಡದಿದ್ದರೆ ಮುಂದಿನ ರಿಫಂಡ್ ಬಾಕಿಗೆ ಜಮೆಯಾಗಬಹುದು, ದಂಡ ಬೀಳಬಹುದು, ಬ್ಯಾಂಕ್ ಖಾತೆಯೂ ಜಪ್ತಿಯಾಗಬಹುದು.

ನನಗೆ ಬೇಸರ ತರಿಸುವುದು ಇದು: ಕಂತು ಕೊಡುವುದು, ಬಿಡುವುದು ಅಧಿಕಾರಿಯ ವಿವೇಚನೆಗೆ ಸೇರಿದ್ದು. ಅಮೆರಿಕದಲ್ಲಿ ಬಾಕಿ 50,000 ಡಾಲರ್ ಮೀರದ ವ್ಯಕ್ತಿಗಳು ಮಾಸಿಕ ಕಂತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಣ್ಣ ಬಾಕಿದಾರರಿಗಾದರೂ ಕಂತು ಇಲ್ಲಿ ಹಕ್ಕಾಗಬೇಕು. ಅಲ್ಲಿಯವರೆಗೆ, ಕೊಟ್ಟ ಅರ್ಜಿಯ ಪ್ರತಿಗೆ ದಿನಾಂಕದ ಸಮೇತ ಕಚೇರಿಯ ಸೀಲು ಹಾಕಿಸಿಕೊಳ್ಳಿ.